ಎಸ್‌ಪಿ ರೋಡ್ ಲೇಸರ್‌ನಲ್ಲಿ ಡ್ರಗ್ ರಿಲೀಸ್: ನನ್ನ ಅನುಭವ

ಲೇಸರ್ ಬಿದ್ದ ಜಾಗದಲ್ಲಿ ಮಾತ್ರ ಔಷಧ ಬಿಡುಗಡೆಯಾಗಬೇಕು, ಅದು ನನ್ನ ಗುರಿ. ಅದಕ್ಕೆ ಹಿಡಿದದ್ದು ಐಸಿಜಿ (ಇಂಡೊಸಯನೀನ್ ಗ್ರೀನ್), ಬೆಳಕು ಹೀರಿ ಬಿಸಿಯಾಗುವ ಹಸಿರು ಬಣ್ಣ. ‘ಐಸಿಜಿ ಬೆಳಕಿಗೆ ಹಾಳಾಗುತ್ತೆ, ಅದನ್ನು ನಂಬಬೇಡ’ ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. ಈಗ ಕೆಲಸ ಮಾಡುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನೋಡಿದ್ದು ನೈಟ್ರೋಬೆಂಜೈಲ್ ಲಿಂಕರ್, ಅಂದರೆ ಔಷಧವನ್ನು ಹಿಡಿದಿಟ್ಟು ಬೆಳಕಿಗೆ ತುಂಡಾಗುವ ಕೊಂಡಿ. 365 ನ್ಯಾನೊಮೀಟರ್‌ನ ಯುವಿ ಬೆಳಕಿಗೆ ಕುವೆಟ್‌ನಲ್ಲಿ (ದ್ರಾವಣ ಇಡುವ ಪಾರದರ್ಶಕ ಪಾತ್ರೆ) ಚೆನ್ನಾಗಿ ತುಂಡಾಗುತ್ತಿತ್ತು. ದೇಹದ ಮಾಂಸದ ಬದಲಿಗೆ ಅಂತ ಮೇಲೆ ತೆಳ್ಳಗೆ ಕೊಯ್ದ ಕೋಳಿ ಮಾಂಸ ಇಟ್ಟರೆ ಏನೂ ಇಲ್ಲ. ಯುವಿ ಹಣೆಬರಹವೇ ಅಷ್ಟು, ಮಾಂಸದ ಆಳಕ್ಕೆ ಇಳಿಯಲ್ಲ, ಅಲ್ವಾ? ಆಮೇಲೆ ಗೋಲ್ಡ್ ನ್ಯಾನೊರಾಡ್, ಬೆಳಕಿಗೆ ಬಿಸಿಯಾಗುವ ಚಿನ್ನದ ಅತಿ ಸಣ್ಣ ಕಡ್ಡಿಗಳು. ಅವುಗಳ ಮೇಲಿರುವ ಸಿಟ್ಯಾಬ್ (ಸೋಪಿನಂಥ ರಾಸಾಯನಿಕ) ತೊಳೆದರೆ ರಾಡ್‌ಗಳು ಅಂಟಿಕೊಳ್ಳುತ್ತವೆ, ಬಿಟ್ಟರೆ ಕೋಶಗಳು ಸಾಯುತ್ತವೆ. ಚಿನ್ನದ ಉಪ್ಪಿಗೇ ನಲವತ್ತು ಸಾವಿರದ ಹತ್ತಿರ ಹೋಯಿತು.

ಕೊನೆಗೆ ಡಿಪಿಪಿಸಿ ಲೈಪೋಸೋಮ್‌ಗೆ ಬಂದೆ, ಅಂದರೆ ಡಿಪಿಪಿಸಿ ಎಂಬ ಕೊಬ್ಬಿನ ಪೊರೆಯ, ಔಷಧ ತುಂಬುವ ಅತಿ ಸಣ್ಣ ಗುಳ್ಳೆ. ಪೊರೆಯಲ್ಲಿ ಐಸಿಜಿ, ಒಳಗೆ ಡಾಕ್ಸೊ (ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್), ಅದನ್ನು ಒಳಗೆ ತುಂಬೋಕೆ ಮಾಮೂಲಿ ಅಮೋನಿಯಂ ಸಲ್ಫೇಟ್ ಗ್ರೇಡಿಯಂಟ್ (ಗುಳ್ಳೆಯ ಒಳಗೂ ಹೊರಗೂ ಆ ಉಪ್ಪಿನ ಪ್ರಮಾಣದ ವ್ಯತ್ಯಾಸ). ಪೊರೆ 41 ಡಿಗ್ರಿಯಲ್ಲಿ ಸಡಿಲವಾಗುತ್ತೆ, ಐಸಿಜಿ 808 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಬೆಳಕನ್ನು ಶಾಖ ಮಾಡುತ್ತೆ. ಪುಸ್ತಕದಲ್ಲಿ ಇಷ್ಟೇ. ನನ್ನ ಮೊದಲ ಬ್ಯಾಚ್‌ಗಳು ಕತ್ತಲಲ್ಲೇ, 37 ಡಿಗ್ರಿಯಲ್ಲೇ ಅರ್ಧದಷ್ಟು ಸೋರಿದವು. ಐಸಿಜಿ ಜಾಸ್ತಿಯಾದರೆ ಪೊರೆ ನಿಲ್ಲಲ್ಲ, ಕಡಿಮೆಯಾದರೆ ಕಾಯಲ್ಲ. ಕೊನೆಗೆ ಕೂತ ಅನುಪಾತ ಮಾತ್ರ ಇಲ್ಲಿ ಬರೆಯಲ್ಲ. ಲೈಸೊಲಿಪಿಡ್ (ಬಿಸಿಯಾದಾಗ ಪೊರೆ ಬೇಗ ಸೋರುವಂತೆ ಮಾಡುವ ಕೊಬ್ಬು) ಸ್ವಲ್ಪ ಇದೆ, ಅಷ್ಟು ಸಾಕು.

ಲೇಸರ್ ಸೆಟ್‌ಗೆ ಒಬ್ಬರು ಕೊಟ್ಟ ಕೊಟೇಶನ್ ನಾಲ್ಕು ಲಕ್ಷದ ಮೇಲೆ. ನಾನು ಆನ್‌ಲೈನ್‌ನಲ್ಲಿ ಎರಡು ವಾಟ್‌ನ ಡಯೋಡ್ ತರಿಸಿದೆ. ಡ್ರೈವರ್ (ಡಯೋಡ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್), ಹೀಟ್‌ಸಿಂಕ್, ಫ್ಯಾನ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ ಸಿಕ್ಕವು. ಎಲ್ಲ ಸೇರಿ ಹದಿನಾಲ್ಕು ಸಾವಿರದ ಆಸುಪಾಸು. ಲೇಸರ್ ತಡೆಯುವ ಕನ್ನಡಕದಲ್ಲಿ ಮಾತ್ರ ಉಳಿತಾಯ ಬೇಡ. 808 ಕಣ್ಣಿಗೆ ಸರಿಯಾಗಿ ಕಾಣಲ್ಲ, ರೆಟಿನಾ ಸುಟ್ಟ ಮೇಲೇ ಗೊತ್ತಾಗೋದು. ಬೆಳಕು ಎಲ್ಲಿ ಬೀಳುತ್ತಿದೆ ಅಂತ ನೋಡೋಕೆ ಹಳೇ ವೆಬ್‌ಕ್ಯಾಮ್‌ನಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಕಿತ್ತು ಇಟ್ಟುಕೊಂಡೆ.

ಮಧ್ಯೆ ಸುಮ್ನೆ ನೀರು ಬೆರೆಸಿದ ನಂದಿನಿ ಹಾಲಿನಲ್ಲೂ ಬೆಳಕು ಬಿಟ್ಟು ನೋಡಿದೆ. ಮಾಂಸದಲ್ಲಿ ಬೆಳಕು ಚದುರುವ ಅಂದಾಜಿಗೆ ಪರವಾಗಿಲ್ಲ, ಆದರೆ ಮಾಂಸದ ಹಾಗೆ ಹೀರಲ್ಲ. ಡಾಕ್ಸೊ ಉಳಿಸೋಣ ಅಂತ ಅರಿಶಿನದ ಕರ್ಕ್ಯುಮಿನ್ ತುಂಬಿದ್ದೂ ಆಯಿತು. ಅದು ಪೊರೆಯಲ್ಲೇ ಕೂತು ಲೆಕ್ಕವನ್ನೇ ಕೆಡಿಸಿತು.

ಐಸಿಜಿ ಹಾಳಾಗುವ ಸಮಸ್ಯೆ ತೀರಿದ್ದು ಬೆಳಕನ್ನು ಬಿಟ್ಟು ಬಿಟ್ಟು ಕೊಟ್ಟಾಗ. ಒಂದೇ ಸಮ ಕೊಟ್ಟರೆ ಹಸಿರು ಬೇಗ ಮಾಸುತ್ತೆ, ಬಿಸಿ ಏರೋದೂ ನಿಲ್ಲುತ್ತೆ. ಎಷ್ಟು ಹೊತ್ತು ಹಚ್ಚಬೇಕು, ಎಷ್ಟು ಬಿಡುವು ಅನ್ನೋದನ್ನು ನೀವೇ ಹುಡುಕಿ. ಈಗ ಕತ್ತಲಲ್ಲಿ ಒಂದು ಗಂಟೆಗೆ ಆರೇಳು ಪರ್ಸೆಂಟ್ ಡಾಕ್ಸೊ ಸೋರಿದರೆ, ಬೆಳಕು ಬಿದ್ದ ಕೆಲವೇ ನಿಮಿಷದಲ್ಲಿ ಎಪ್ಪತ್ತರ ಮೇಲೆ ಬರುತ್ತೆ. ಅರ್ಧ ಸೆಂಟಿಮೀಟರ್ ಕೋಳಿಯ ಕೆಳಗೆ ನಲವತ್ತರ ಹತ್ತಿರ.

‘ಇದು ಬರೀ ಬಿಸಿ, ವಾಟರ್‌ಬಾತ್‌ನಲ್ಲೂ (ಬಿಸಿನೀರಿನ ತೊಟ್ಟಿ) ಆಗುತ್ತೆ’ ಅಂದವರಿಗೆ: ಹೌದು, ಆಗುತ್ತೆ. ಹೋಲಿಸಿ ನೋಡೋಕೆ ಅದೇ ಕಂಟ್ರೋಲ್ ನಾನೂ ಇಟ್ಟಿದ್ದೇನೆ. ಆದರೆ ವಾಟರ್‌ಬಾತ್‌ನಲ್ಲಿ ಇಡೀ ತಟ್ಟೆ ಕಾಯುತ್ತೆ, ಇಲ್ಲಿ ನಾನು ತೋರಿಸಿದ ಜಾಗ ಮಾತ್ರ.

ಬಾಕಿ ಇರೋದು ಪವರ್. ಚರ್ಮಕ್ಕೆ ಈ ತರಂಗಾಂತರದಲ್ಲಿ ಸುರಕ್ಷಿತ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 0.33 ವಾಟ್. ಕೋಳಿಯ ಮೇಲೆ ನಾನು ಅದರ ಎರಡರಷ್ಟು ಕೊಟ್ಟಿದ್ದೇನೆ. ಅದು ಇಳಿಯೋವರೆಗೂ ಇಲಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೇಳಿ ಎಥಿಕ್ಸ್ ಕಮಿಟಿ ಮುಂದೆ ಹೋಗಲ್ಲ.