ಸ್ಕ್ಯಾನಿಂಗ್ ಪರದೆ ನೋಡುವುದು ಹೇಗೆ: ತಂಡೇಲರ ಫೈಂಡರ್‌ನಿಂದ ಡಾಪ್ಲರ್‌ವರೆಗೆ

ಜೂನ್-ಜುಲೈಯಲ್ಲಿ ಮೀನುಗಾರಿಕೆ ಬೋಟುಗಳಿಗೆ ರಜೆ. ಉಡುಪಿಯ ನಮ್ಮ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೋಣೆಗೆ ಮಲ್ಪೆ ಬಂದರಿನವರು ಬರುವುದು ಆಗಲೇ. ವರ್ಷವಿಡೀ ಮುಂದೂಡಿದ ಹೊಟ್ಟೆನೋವನ್ನೆಲ್ಲ ಆ ಎರಡು ತಿಂಗಳಲ್ಲಿ ತೋರಿಸಿ ಮುಗಿಸುತ್ತಾರೆ. ಹಾಗೆ ಬಂದ ತಂಡೇಲರೊಬ್ಬರು (ಬೋಟು ನಡೆಸುವವರು) ಮಲಗಿದಲ್ಲಿಂದಲೇ ಪರದೆ ನೋಡಿ, "ಉಂದು ನಮ್ಮ ಬೋಟುದ ಫೈಂಡರ್‌ದ ಲೆಕ್ಕನೇ ಅತ್ತಾ?" (ಇದು ನಮ್ಮ ಬೋಟಿನ ಮೀನು ಹುಡುಕುವ ಫೈಂಡರ್‌ನ ಹಾಗೇ ಅಲ್ಲವಾ?) ಎಂದರು. ಹೌದು, ಅದೇ. ನಾನು ಜೂನಿಯರ್‌ಗಳಿಗೆ ಅಷ್ಟು ಸಲೀಸಾಗಿ ಹೇಳಿಕೊಟ್ಟದ್ದಿಲ್ಲ.

ಬೋಟಿನ ಫೈಂಡರ್ 50 ಅಥವಾ 200 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, ಮೈಮೇಲೆ ಆಡಿಸುವ ನಮ್ಮ ಪ್ರೋಬ್ 2ರಿಂದ 15 ಮೆಗಾಹರ್ಟ್ಸ್‌ನಲ್ಲಿ. ಶಬ್ದದ ವೇಗ ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್. ಮೈಯೊಳಗೆ 1540 ಎಂದು ಮೆಷಿನ್ ಹಿಡಿದುಕೊಳ್ಳುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿಬರಲು 13 ಮೈಕ್ರೊಸೆಕೆಂಡ್. ಪ್ರತಿಧ್ವನಿ ಎಷ್ಟು ತಡವಾಗಿ ಬಂತೋ ಚುಕ್ಕೆ ಅಷ್ಟು ಕೆಳಗೆ, ಎಷ್ಟು ಜೋರಾಗಿ ಬಂತೋ ಅಷ್ಟು ಬೆಳ್ಳಗೆ. ಇದೇ ಬಿ-ಮೋಡ್, ನೀವು ನೋಡುವ ಕಪ್ಪು-ಬಿಳುಪು ಚಿತ್ರ. ಹೊಟ್ಟೆಗೆ ಕಡಿಮೆ ಫ್ರೀಕ್ವೆನ್ಸಿಯ ಬಾಗಿದ ಪ್ರೋಬ್, ಥೈರಾಯ್ಡ್‌ಗೆ ಹೆಚ್ಚು ಫ್ರೀಕ್ವೆನ್ಸಿಯ ಚಪ್ಪಟೆ ಪ್ರೋಬ್. ಫ್ರೀಕ್ವೆನ್ಸಿ ಏರಿದರೆ ಚಿತ್ರ ಚೊಕ್ಕ, ಆದರೆ ಆಳಕ್ಕೆ ಇಳಿಯುವುದಿಲ್ಲ.

ಒಂದು ಕಡೆ ಮಾತ್ರ ನಮಗೂ ತಂಡೇಲರಿಗೂ ಹೊಂದುವುದಿಲ್ಲ. ಮೀನಿನ ಹೊಟ್ಟೆಯ ಗಾಳಿಚೀಲ ಶಬ್ದವನ್ನು ಬಲವಾಗಿ ಹಿಂದಕ್ಕೆ ಎಸೆಯುವುದರಿಂದಲೇ ಅವರಿಗೆ ಮೀನು ಕಾಣುವುದು. ನಮಗೆ ಗಾಳಿಯೇ ಶತ್ರು. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿಯಬಾರದೆಂದು ಆ ತಣ್ಣನೆಯ ಜೆಲ್. ಕರುಳಿನ ಗ್ಯಾಸ್ ಪಕ್ಕಕ್ಕೆ ಸರಿಯಲಿ, ಶಬ್ದಕ್ಕೊಂದು ನೀರಿನ ಕಿಟಕಿ ಸಿಗಲಿ ಎಂದೇ "ಮೂತ್ರ ತಡೆದುಕೊಳ್ಳಿ" ಎನ್ನುವುದು, ನಿಮ್ಮನ್ನು ಸತಾಯಿಸಲಿಕ್ಕಲ್ಲ. ಖಾಲಿಹೊಟ್ಟೆ ಎಂದರೆ ಹಾಲು ಹಾಕಿದ ಚಾ ಕೂಡ ಬೇಡ, ಪಿತ್ತಕೋಶ ಮುದುಡಿಕೊಳ್ಳುತ್ತದೆ.

ತಂಡೇಲರ ಪಿತ್ತಕೋಶದಲ್ಲಿ ಒಂದು ಬಿಳಿ ಕಮಾನು, ಅದರ ಕೆಳಗೆ ಕಡ್ಡಿ ಇಟ್ಟ ಹಾಗೆ ಕಪ್ಪು ಪಟ್ಟಿ. ಶಬ್ದ ಅದನ್ನು ದಾಟಿ ಹೋಗಿಲ್ಲ, ಆ ಪಟ್ಟಿ ಅದರ ನೆರಳು. ಕಲ್ಲೋ ಪಾಲಿಪೋ (ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು) ಎಂಬ ಅನುಮಾನವಿದ್ದರೆ ಎಡಮಗ್ಗುಲಾಗಲು ಹೇಳಬೇಕು. ಅವರು ತಿರುಗಿದರು, ಬಿಳಿ ಕಮಾನು ಉರುಳಿ ಕೆಳಗೆ ಕೂತಿತು. ಗೋಡೆಗೆ ಅಂಟಿದ ಪಾಲಿಪ್ ಹಾಗೆ ಉರುಳುವುದಿಲ್ಲ.

ಎ-ಮೋಡ್ ಎಂದರೆ ಚಿತ್ರವಿಲ್ಲ, ಬರೀ ಏರಿಳಿಯುವ ಗೆರೆ. ಪೊರೆಯ ಆಪರೇಶನ್‌ಗೆ ಮುಂಚೆ ಲೆನ್ಸ್ ಪವರ್ ಲೆಕ್ಕಹಾಕಲು ಕಣ್ಣಿನ ಉದ್ದ ಅಳೆಯುವಾಗ ನೋಡಿರುತ್ತೀರಿ.

ಎಂ-ಮೋಡ್‌ನಲ್ಲಿ ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಶಬ್ದ ಬಿಟ್ಟು, ಬಂದದ್ದನ್ನು ಸಮಯದ ಜೊತೆ ಪಕ್ಕಪಕ್ಕ ಬರೆಯುತ್ತಾ ಹೋಗುತ್ತದೆ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಹೃದಯ ನೋಡಿದ್ದು ಹೀಗೆ. ಏಳು ವಾರದ ಗರ್ಭದಲ್ಲಿ ಅಲೆ ಅಲೆಯಾಗಿ ಗೆರೆ ಬರುತ್ತದೆ. ಒಂದು ಶಿಖರದಿಂದ ಇನ್ನೊಂದಕ್ಕೆ 0.4 ಸೆಕೆಂಡ್ ಎಂದರೆ ನಿಮಿಷಕ್ಕೆ 150 ಬಡಿತ. ಎದೆಬಡಿತದ ಸದ್ದು ಕೇಳಿಸಿ ಎಂದು ಆಗ ಒತ್ತಾಯಿಸಬೇಡಿ. ಸದ್ದಿಗೆ ರಕ್ತದ ಓಟ ಹಿಡಿಯುವ ಡಾಪ್ಲರ್ ಬೇಕು, ಅದು ಒಂದೇ ಜಾಗಕ್ಕೆ ಹೆಚ್ಚು ಶಕ್ತಿ ಸುರಿಯುತ್ತದೆ; ಎಳೆ ಗರ್ಭಕ್ಕೆ ಎಂ-ಮೋಡ್ ಸಾಕು. (ಗಂಡೋ ಹೆಣ್ಣೋ ಎಂದೂ ಕೇಳಬೇಡಿ. 1994ರ ಕಾನೂನು ಗೋಡೆಯ ಮೇಲೆ ಬರೆದದ್ದೇ ಇದೆ.)

ಇನ್ನು ಡಾಪ್ಲರ್. ಸಂತೆಕಟ್ಟೆಯಲ್ಲಿ ಹೈವೇ ಪಕ್ಕ ನಿಂತು, ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿ. ಹತ್ತಿರ ಬರುವಾಗ ಕೀರಲು, ದಾಟಿದ ಮೇಲೆ ದಪ್ಪ. ರಕ್ತಕಣ ಆ ಬಸ್ಸು. 5 ಮೆಗಾಹರ್ಟ್ಸ್ ಶಬ್ದ, ಸೆಕೆಂಡಿಗೆ 1 ಮೀಟರ್ ಓಡುವ ರಕ್ತ, ಎರಡರ ನಡುವೆ 60 ಡಿಗ್ರಿ ಕೋನ: ಹೋದ ಶಬ್ದಕ್ಕೂ ಮರಳಿದ ಶಬ್ದಕ್ಕೂ ವ್ಯತ್ಯಾಸ ಸುಮಾರು 3250 ಹರ್ಟ್ಸ್. ಅದು ಕಿವಿಗೆ ಕೇಳುವ ಸ್ವರವೇ, ಸ್ಪೀಕರ್‌ನ ಆ "ಶ್ವೂ ಶ್ವೂ". ಕಲರ್ ಡಾಪ್ಲರ್‌ನ ಕೆಂಪು-ನೀಲಿಯನ್ನು ಒಳ್ಳೆ ರಕ್ತ, ಕೆಟ್ಟ ರಕ್ತ ಎಂದುಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಕೆಂಪು ಎಂದರೆ ಪ್ರೋಬಿನ ಕಡೆಗೆ, ನೀಲಿ ಎಂದರೆ ದೂರಕ್ಕೆ. ಗುಂಡಿ ಒತ್ತಿ ಇದನ್ನೂ ತಿರುಗಿಸಬಹುದು, ಹಾಗಾಗಿ ಮೊದಲು ಮೂಲೆಯ ಬಣ್ಣದ ಪಟ್ಟಿ ನೋಡಬೇಕು.

ಬಸ್ಸು ಸರಿಯಾಗಿ ನಿಮ್ಮೆದುರು ಅಡ್ಡ ಹಾಯುವ ಕ್ಷಣದಲ್ಲಿ ಅದು ಹತ್ತಿರವೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. 90 ಡಿಗ್ರಿಯಲ್ಲಿ ಡಾಪ್ಲರ್‌ಗೆ ಓಟವೇ ಕಾಣದು. ಇದನ್ನು ಪುಸ್ತಕದಲ್ಲಿ ಓದಿ ಪಾಸಾದವನು ನಾನು. ಪಿಜಿ ದಿನಗಳ ಒಂದು ರಾತ್ರಿ ಡ್ಯೂಟಿಯಲ್ಲಿ, ಅಜ್ಜರೊಬ್ಬರ ಕುತ್ತಿಗೆಯ ರಕ್ತನಾಳದ ಮೇಲೆ ಪ್ರೋಬ್ ನೆಟ್ಟಗೆ ಇಟ್ಟೆ. ಬಣ್ಣವೇ ಇಲ್ಲ. "ಪೂರ್ತಿ ಬ್ಲಾಕ್" ಎಂದು ಬರೆದೂಬಿಟ್ಟೆ. ಹೊರಗೆ ಮಗ ಆಗಲೇ ಫೋನಿನಲ್ಲಿ ಅಳುತ್ತಿದ್ದ. ಸೀನಿಯರ್ ಬಂದವರು ಮಾತಾಡಲಿಲ್ಲ. ಪ್ರೋಬಿನ ಒಂದು ತುದಿ ಸ್ವಲ್ಪ ಅದುಮಿ, ಬಣ್ಣದ ಚೌಕವನ್ನು ಓರೆ ಮಾಡಿದರು. ನಾಳ ತುಂಬ ಕೆಂಪು. ಆ ರಿಪೋರ್ಟನ್ನು ಹರಿದದ್ದು ನಾನೇ.

ಬಣ್ಣ ಸಿಕ್ಕಿದ ಮೇಲೆ, ಬಿಟ್ಟು ಬಿಟ್ಟು ಶಬ್ದ ಕಳಿಸುವ ಪಲ್ಸ್ಡ್ ಡಾಪ್ಲರ್‌ನಲ್ಲಿ ವೇಗ ಅಳೆಯಬೇಕು. ಕೋನ 60 ಡಿಗ್ರಿ ದಾಟಬಾರದು. ಅಲ್ಲಿ 5 ಡಿಗ್ರಿ ತಪ್ಪಿದರೆ ವೇಗ ಶೇಕಡಾ 15ಕ್ಕೂ ಹೆಚ್ಚು ತಪ್ಪುತ್ತದೆ. ಮೆದುಳಿಗೆ ಹೋಗುವ ನಾಳದಲ್ಲಿ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರಬಹುದೆಂದು ಲೆಕ್ಕ, ಅಲ್ಲಿ ಈ 15 ಸಣ್ಣದಲ್ಲ. ಓಟ ತೀರಾ ಜೋರಿದ್ದರೆ ಟ್ಯೂಬ್‌ಲೈಟಿನಡಿ ಫ್ಯಾನ್ ಹಿಂದಕ್ಕೆ ತಿರುಗಿದಂತೆ ಕಾಣುವ ಹಾಗೆ ಗ್ರಾಫ್ ತಲೆಕೆಳಗಾಗುತ್ತದೆ. ಹೃದಯದ ಕವಾಟ ಕಿರಿದಾದಾಗ ಸೆಕೆಂಡಿಗೆ 4 ಮೀಟರ್ ವೇಗ ಅಳೆಯಲು ಎಡೆಬಿಡದೆ ಶಬ್ದ ಕಳಿಸುವ ಕಂಟಿನ್ಯುವಸ್ ಡಾಪ್ಲರ್ ಬೇಕು. ಅದು ವೇಗ ಸರಿಯಾಗಿ ಹೇಳುತ್ತದೆ, ಯಾವ ಆಳದ್ದೆಂದು ಹೇಳುವುದಿಲ್ಲ.

ಈಗ ಎಲ್ಲರೂ ಕೇಳುವುದು ಎಲಾಸ್ಟೋಗ್ರಫಿ. ಯಕೃತ್ತಿಗೆ ಸಣ್ಣ ತಳ್ಳು ಕೊಟ್ಟು, ಅಲೆ ಎಷ್ಟು ವೇಗವಾಗಿ ಹರಡಿತೆಂದು ನೋಡಿ ಗಡಸುತನವನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತದೆ. ಗಡಸಾದಷ್ಟೂ ಅಲೆ ವೇಗ. ತಿಂದು ಬಂದರೆ ಯಕೃತ್ತಿಗೆ ರಕ್ತ ಹೆಚ್ಚು ಹರಿದು ಅಂಕಿ ಸುಳ್ಳೇ ಏರುತ್ತದೆ; ಕನಿಷ್ಠ 3 ಗಂಟೆ ಏನೂ ಬೇಡ. ಗೋಳಿಬಜೆ ಏನಿದ್ದರೂ ಜೆಲ್ ಒರೆಸಿಕೊಂಡ ಮೇಲೆ.