ಬ್ಯಾಡ್ಜ್ ಲ್ಯಾಬ್: ಟೇಬಲ್ ಇದ್ದರೂ 'ಇಲ್ಲ' ಅಂದಾಗ

ಕ್ಲೌಡ್‌ನಲ್ಲಿ ಡೇಟಾ ಇಟ್ಟು ಬಳಸುವ ವೇದಿಕೆಯಾದ ಸ್ನೋಫ್ಲೇಕ್‌ನ ಹ್ಯಾಂಡ್ಸ್-ಆನ್ ಬ್ಯಾಡ್ಜ್ ಸುಮ್ನೆ ಪಾಠ ಓದಿದರೆ ಸಿಗುವುದಿಲ್ಲ. ಟ್ರಯಲ್ ಅಕೌಂಟ್‌ನಲ್ಲಿ ನಾವೇ ಡೇಟಾಬೇಸ್, ಟೇಬಲ್ ಮಾಡಬೇಕು. ಕೊಟ್ಟ ಪರೀಕ್ಷಾ ಕ್ವೆರಿಯನ್ನೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಾವೇ ರನ್ ಮಾಡಬೇಕು. ಸರಿಯೋ ತಪ್ಪೋ ಅಂತ ಹೇಳುವುದು ಡೋರಾ ಎಂಬ ಆಟೋ-ಗ್ರೇಡರ್. ಈ ಪದ್ಧತಿ ನನಗಂತೂ ಇಷ್ಟ, ಬಾಯಿಪಾಠಕ್ಕೆ ಜಾಗವೇ ಇಲ್ಲ.

ಒಂದು ಹಂತ ಮಾತ್ರ ಪಾಸ್ ಆಗಲೇ ಇಲ್ಲ. ಎಡಗಡೆ ಪಟ್ಟಿಯಲ್ಲಿ 'ಆರ್ಡರ್ಸ್' ಟೇಬಲ್ ಎದ್ದು ಕಾಣುತ್ತಿದೆ. ಕ್ವೆರಿ ಬರೆದರೆ, 'ಇಂಥದ್ದು ಇಲ್ಲ, ಅಥವಾ ನಿಮಗೆ ಅನುಮತಿ ಇಲ್ಲ' ಎನ್ನುತ್ತದೆ. ಎರಡರಲ್ಲಿ ಯಾವುದು ಅಂತ ಹೇಳಲ್ಲ, ಅಲ್ವಾ? ಅನುಮತಿ ಇಲ್ಲದವರಿಗೆ ಟೇಬಲ್ ಇದೆಯೆಂಬ ಸುಳಿವೂ ಸಿಗದಂತೆ ಇರುವುದು ಒಳ್ಳೆಯದೇ, ಆದರೆ ತಲೆನೋವು ನಮಗೆ.

ಮೊದಲು ರೋಲ್, ಅಂದರೆ ಯಾವ ಅನುಮತಿಗಳೊಂದಿಗೆ ಕೆಲಸ ಮಾಡುತ್ತಿದ್ದೇನೆ ಅಂತ ನೋಡಿದೆ. ಕ್ವೆರಿ ಬರೆಯುವ ವರ್ಕ್‌ಶೀಟ್‌ನ ರೋಲ್, ಟೇಬಲ್‌ನ ಓನರ್ ಎರಡೂ ಸಿಸ್ಅಡ್ಮಿನ್ ಎಂಬ ಒಂದೇ ರೋಲ್. ಅಲ್ಲಿಗೆ ಅನುಮತಿಯ ಅನುಮಾನ ಹೋಯಿತು.

ಆಮೇಲೆ ಟೇಬಲ್‌ಗಳ ಪಟ್ಟಿ ಕೊಡುವ 'ಶೋ ಟೇಬಲ್ಸ್' ರನ್ ಮಾಡಿದೆ. ಬೇರೆಲ್ಲ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಇದೊಂದೇ ಸಣ್ಣಕ್ಷರದಲ್ಲಿ (orders)! ಟೇಬಲ್ ಮಾಡಿದ ಸ್ಕ್ರಿಪ್ಟ್‌ನಲ್ಲಿ ಹೆಸರು ಡಬಲ್ ಕೋಟ್ ಒಳಗಿತ್ತು. ಕೋಟ್ ಇಲ್ಲದ ಹೆಸರನ್ನು ಸ್ನೋಫ್ಲೇಕ್ ದೊಡ್ಡಕ್ಷರಕ್ಕೆ ತಿರುಗಿಸುತ್ತದೆ, ಕೋಟ್ ಇದ್ದರೆ ಇದ್ದ ಹಾಗೇ ಇಡುತ್ತದೆ. ನನ್ನ ಕ್ವೆರಿಯಲ್ಲಿ ಕೋಟ್ ಇರಲಿಲ್ಲ, ಹಾಗಾಗಿ ಅದು ದೊಡ್ಡಕ್ಷರದ ಹೆಸರನ್ನೇ ಹುಡುಕುತ್ತಿತ್ತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇದು ಉಲ್ಟಾ, ಕೋಟ್ ಇಲ್ಲದ್ದು ಸಣ್ಣಕ್ಷರವಾಗುತ್ತದೆ. ಅಲ್ಲಿಂದ ಬಂದವರು ಜಾಸ್ತಿ ಎಚ್ಚರವಾಗಿರಬೇಕು.

ಡೇಟಾ ಮತ್ತೆ ಲೋಡ್ ಮಾಡಬೇಕಿಲ್ಲ. 'ಆಲ್ಟರ್ ಟೇಬಲ್' ಬರೆದು, ಹಳೆಯ ಹೆಸರನ್ನು ಕೋಟ್ ಒಳಗೆ ಹಾಕಿ, 'ರಿನೇಮ್ ಟು' ಆದಮೇಲೆ ಹೊಸ ಹೆಸರನ್ನು ಕೋಟ್ ಇಲ್ಲದೆ ಕೊಟ್ಟೆ. ಡೋರಾ ತಕ್ಷಣ ಒಪ್ಪಿಕೊಂಡಿತು. ಕಾಲಂ ಹೆಸರುಗಳಿಗೂ ಇದೇ ನಿಯಮ. ಅವಕ್ಕೆ 'ರಿನೇಮ್ ಕಾಲಂ' ಬೇರೆಯಾಗಿ ಬರೆಯಬೇಕು.