ಲಸಿಕೆ ಸುದ್ದಿ ಓದುವಾಗ ಹೆಣ್ಣು-ಗಂಡಿನ ಲೆಕ್ಕ ಬೇರೆ ಕೇಳಿ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ಮಲೆನಾಡಿನವರಿಗೆ ಲಸಿಕೆ ದೂರದ ಮಾತಲ್ಲ. ಅದು ಉಣುಗು ಹರಡುವ ವೈರಸ್. ನಾನು ಇಲ್ಲಿ ಹೇಳುವುದು ಮಲೇರಿಯಾದಂಥ ಪರೋಪಜೀವಿಗಳ ಲಸಿಕೆ ಬಗ್ಗೆ. 'ಲಸಿಕೆ ಕೆಲಸ ಮಾಡುತ್ತದೆ' ಎಂದು ಪೇಪರಿನಲ್ಲಿ ಬಂದರೆ, ಯಾರಲ್ಲಿ ಎಂದು ಕೇಳಿ.

ಇಲಿಗಳ ಮೇಲಿನ ಪ್ರಯೋಗವಾದರೆ, ಹೆಣ್ಣಿಲಿಯಾ, ಗಂಡಿಲಿಯಾ ಎಂದು ನೋಡಿ. ಒಂದನ್ನೇ ಬಳಸಿದ್ದರೆ ನಮಗೆ ಸಿಕ್ಕಿದ್ದು ಅರ್ಧ ಉತ್ತರ. ಸಾಮಾನ್ಯವಾಗಿ ಹೆಣ್ಣಿನ ದೇಹ ಲಸಿಕೆಗೆ ಜಾಸ್ತಿ ಪ್ರತಿಕಾಯ, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನು, ತಯಾರಿಸುತ್ತದೆ. ಹೆಣ್ಣಿನಲ್ಲಿ ಹೆಚ್ಚಿರುವ ಈಸ್ಟ್ರೋಜೆನ್ ಹಾರ್ಮೋನು ಅದಕ್ಕೆ ಒತ್ತು ಕೊಡುತ್ತದೆ, ಗಂಡಿನಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ತಗ್ಗಿಸುತ್ತದೆ. ರೋಗ ತಡೆಯುವ ಹಲವು ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿವೆ, ಹೆಣ್ಣಿನಲ್ಲಿ ಅದು ಎರಡು. ಚುಚ್ಚಿಸಿಕೊಂಡ ಮೇಲೆ ಜ್ವರ, ತೋಳುನೋವು ಹೆಂಗಸರಲ್ಲೇ ಜಾಸ್ತಿ ಕಾಣುತ್ತದೆ. ಸುಮ್ನೆ ಹೇಳುತ್ತಾರೆ ಎಂದು ತಳ್ಳಿಹಾಕಬೇಡಿ.

ಪ್ರತಿಕಾಯದ ಅಂಕಿ ಓದಿ ಅಲ್ಲಿಗೇ ನಿಲ್ಲಬೇಡಿ. ಎಷ್ಟು ಜನಕ್ಕೆ ಕಾಯಿಲೆ ಬಂತು, ಎಷ್ಟು ಜನ ತೀರಿಕೊಂಡರು ಎನ್ನುವುದನ್ನೂ ಹುಡುಗ, ಹುಡುಗಿ ಎಂದು ಬಿಡಿಸಿ ಕೊಟ್ಟಿದ್ದಾರಾ ನೋಡಿ. ಆರ್‌ಟಿಎಸ್,ಎಸ್ ಮಲೇರಿಯಾ ಲಸಿಕೆಯನ್ನು 2009ರಿಂದ 2014ರವರೆಗೆ ಆಫ್ರಿಕಾದ 7 ದೇಶಗಳಲ್ಲಿ 15 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿದ್ದರು. ಆಮೇಲೆ ಬಿಡಿಸಿ ಎಣಿಸಿದಾಗ, ಆ ಲಸಿಕೆ ಪಡೆಯದ ಹುಡುಗಿಯರಿಗಿಂತ ಪಡೆದ ಹುಡುಗಿಯರಲ್ಲಿ ಸಾವು ಹೆಚ್ಚಿತ್ತು, ಹುಡುಗರಲ್ಲಿ ಹಾಗಿರಲಿಲ್ಲ. ಎದೆ ಧಸಕ್ಕೆನ್ನುವ ಸುದ್ದಿ, ಅಲ್ವಾ? ಇಲ್ಲಿ ಕೇಳಬೇಕಾದ್ದು, ಇದು ಮೊದಲೇ ಹಾಕಿಕೊಂಡ ಪ್ರಶ್ನೆಯಾ, ಆಮೇಲೆ ಹುಡುಕಿದ್ದಾ? ಆಮೇಲೆ ಹುಡುಕಿದ್ದು. ಅಂಥದ್ದು ಆಕಸ್ಮಿಕವೂ ಇರಬಹುದು, ನಿಜವೂ ಇರಬಹುದು, ಮತ್ತೆ ನೋಡದೆ ಗೊತ್ತಾಗುವುದಿಲ್ಲ. 2019ರಿಂದ ಘಾನಾ, ಕೀನ್ಯಾ, ಮಲಾವಿಯಲ್ಲಿ ಲಕ್ಷಾಂತರ ಮಕ್ಕಳಿಗೆ ಹಾಕಿ, ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದರು. ಹುಡುಗಿಯರಲ್ಲಿ ಸಾವು ಹೆಚ್ಚಿರಲಿಲ್ಲ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಬಿಡಿಸಿ ಎಣಿಸಿದ್ದಕ್ಕೇ ಅನುಮಾನ ಹುಟ್ಟಿತು, ಬಿಡಿಸಿ ಎಣಿಸಿದ್ದಕ್ಕೇ ತೀರಿತು.

ದೇಹದ ವ್ಯತ್ಯಾಸವನ್ನೂ ಕೆಲಸದ ವ್ಯತ್ಯಾಸವನ್ನೂ ಒಂದೇ ಮಾಡಬೇಡಿ. ಸೊಪ್ಪು, ದರಗು (ಒಣ ಎಲೆ) ತರಲು ಕಾಡಿಗೆ ಹೆಂಗಸರೇ ಹೆಚ್ಚು ಹೋಗುವ ಊರಿನಲ್ಲಿ ಉಣುಗು ಕಚ್ಚುವುದೂ ಅವರಿಗೇ ಹೆಚ್ಚು. ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಹಾಕಿದರೆ ತಪ್ಪಾಗುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗೇ ಯಾವುದೇ ಲಸಿಕೆ ಹಾಕಿಸಿದರೂ ತಾರೀಖು, ಜ್ವರ ಎಷ್ಟು ದಿನ ಇತ್ತು, ತೋಳು ಎಷ್ಟು ಊದಿತ್ತು ಬರೆದಿಡಿ. ಆಶಾ ಕಾರ್ಯಕರ್ತೆ ಬಂದಾಗ ಆ ಚೀಟಿ ತೋರಿಸಿ, ಅಮ್ಮನದ್ದು ಬೇರೆ, ಅಪ್ಪನದ್ದು ಬೇರೆ.